ಗೋಡೆಯೇ ಸರಿ ಎಂದು ಬರೆದ ಮೊಮ್ಮಗಳಿಗೆ

ಬದಿಯಡ್ಕ
ಜೂನ್ ಕೊನೆಯ ವಾರ

ಚಿರಂಜೀವಿ ಪುಟ್ಟಿಗೆ ಅಜ್ಜಿಯ ಆಶೀರ್ವಾದಗಳು.

ನಿನ್ನ ಪತ್ರವನ್ನು ನಿನ್ನ ಅಪ್ಪ ಮೊಬೈಲಿನಲ್ಲಿ ಓದಿ ಹೇಳಿದ. ಕೇಳಿದ್ದು ಸಾಲದೆ ಪೇಟೆಗೆ ಕಳುಹಿಸಿ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆಸಿಕೊಂಡೆ. ಮಳೆ, ತೋಟ, ಮದ್ದು ಬಿಡಲು ಆಳು ಸಿಗದ ಪಾಡು ಇವೆಲ್ಲ ಫೋನಿನಲ್ಲಿ ನಿನ್ನ ಕಿವಿಗೆ ಬಿದ್ದೇ ಇರುತ್ತದೆ, ಅದನ್ನು ಬರೆಯುವುದಿಲ್ಲ. ಇಷ್ಟುದ್ದದ ಪತ್ರದಲ್ಲಿ ಒಂದೇ ಒಂದು ಕಡೆ ನನ್ನ ಮನಸ್ಸು ಸಿಕ್ಕಿಕೊಂಡಿದೆ. "ಒಪ್ಪಂದವಾಗಿ ಕಾಲು ಶತಮಾನ ದಾಟಿತು. ಈಗಲೂ ಸಂಜೆಯಾದರೆ ನಮ್ಮ ರಸ್ತೆಯ ಕೊನೆಯ ಗೇಟಿಗೆ ಬೀಗ ಬೀಳುತ್ತದೆ. ಒಮ್ಮೆ ಕೊಂದುಕೊಂಡ ಜನ ಒಟ್ಟಿಗೆ ಬಾಳಲಾರರು ಅಜ್ಜಿ, ಗೋಡೆಯೇ ಸರಿ" ಎಂದು ಬರೆದಿದ್ದೀಯಲ್ಲ, ಅಲ್ಲಿ.

ಗೇಟು, ಬೀಗ ನನಗೆ ಹೊಸ ಸುದ್ದಿಯಲ್ಲ. ನೀನು ಓದಲು ಹೋದ ಉತ್ತರ ಐರ್ಲೆಂಡಿನಲ್ಲಿ, ಐರ್ಲೆಂಡಿಗೆ ಸೇರಬೇಕೆಂಬ ಕ್ಯಾಥೊಲಿಕರೂ ಬ್ರಿಟನ್ನಿನಲ್ಲೇ ಉಳಿಯಬೇಕೆಂಬ ಪ್ರೊಟೆಸ್ಟೆಂಟರೂ ಮೂವತ್ತು ವರ್ಷ ಕಾದಾಡಿ 1998ರಲ್ಲಿ ಒಪ್ಪಂದ ಮಾಡಿಕೊಂಡದ್ದೂ ಹೊಸದಲ್ಲ. ಸಮಾಜಪಾಠ ಕಲಿಸಿದವಳು ನಾನು, ನೀನಿರುವ ಬೆಲ್‌ಫಾಸ್ಟಿನ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಬಂದವಳು. ನನ್ನನ್ನು ಕಲಕಿದ್ದು ನೀನು ಅಷ್ಟು ಸಲೀಸಾಗಿ ತೀರ್ಮಾನಕ್ಕೆ ಬಂದುಬಿಟ್ಟ ರೀತಿ. ಇದೇ ಮಾತನ್ನು ನಮ್ಮ ಮನೆಯ ಜಗಲಿಯಲ್ಲೇ ಕೇಳಿದ್ದೇನೆ. ನಮ್ಮ ಮನೆಯವನೇ ಆದ ಮೈಸೂರಜ್ಜ ಈ ಊರು ಬಿಟ್ಟು ಮೈಸೂರಿಗೆ ಹೊರಟ ಕಥೆ ನಿನಗೆ ಗೊತ್ತು. ಹೊರಡುವ ಹಿಂದಿನ ರಾತ್ರಿ ಅವನು ನನ್ನ ಅಪ್ಪನ ಮುಂದೆ ನಿಂತು, ಮಲಯಾಳಿಗಳ ಬಗ್ಗೆ, "ಅವರು ಅವರಷ್ಟಕ್ಕೆ, ನಾವು ನಮ್ಮಷ್ಟಕ್ಕೆ ಇದ್ದರೇ ಕ್ಷೇಮ. ಒಟ್ಟಿಗೆ ಬಾಳುವುದು ಆಗುವ ಮಾತಲ್ಲ" ಎಂದಿದ್ದ. ಗಡಿ ತಕರಾರಿಗೆಂದು ನೇಮಿಸಿದ್ದ ಮಹಾಜನ ಆಯೋಗದ ವರದಿ 1967ರಲ್ಲಿ ಬಂದು, ಕೇರಳಕ್ಕೆ ಸೇರಿದ್ದ ನಮ್ಮ ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿ, ಆಮೇಲೆ ಏನೂ ಆಗದೆ ಉಳಿದ ಕಾಲ ಅದು. ಅವನ ಸಿಟ್ಟಿಗೆ ಕಾರಣ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಹೋದವನು ಮದುವೆ ಮುಂಜಿಗೆ ಬಂದು ಹೋಗುವ ನೆಂಟನಾದನೇ ಹೊರತು ಮತ್ತೆ ಈ ಊರಿನವನಾಗಲಿಲ್ಲ. ಆ ರಾತ್ರಿ ಅವನಿಗೆ ಹೇಳಲು ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ. ಈಗ ನಿನಗೆ ಹೇಳಲು ಇದೆಯೇ ಎಂದರೆ, ಪೂರ್ತಿಯಾಗಿ ಇಲ್ಲ. ಆದರೂ ಸುಮ್ಮನಿರಲಾರೆ.

ಒಂದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾಸರಗೋಡಿನ ನೋವನ್ನು ನೀನಿರುವ ಊರಿನ ನೋವಿನ ಪಕ್ಕದಲ್ಲಿ ತಂದಿಡುವುದು ಸರಿಯಲ್ಲ. ನಮ್ಮಲ್ಲಿ ಸತ್ಯಾಗ್ರಹವಿತ್ತು, ಮೆರವಣಿಗೆಯಿತ್ತು, ಬಂಧನವಿತ್ತು. ನೆರೆಯವನು ನೆರೆಯವನ ಬಾಗಿಲಿಗೆ ಬಂದೂಕು ಹಿಡಿದು ಬಂದದ್ದಿಲ್ಲ. ಅಲ್ಲಿ ಮೂವತ್ತು ವರ್ಷಗಳಲ್ಲಿ 3,500ರಷ್ಟು ಜನ ಸತ್ತರು, ಅದೂ ನಮ್ಮ ಜಿಲ್ಲೆಗಿಂತ ಸ್ವಲ್ಪವೇ ಹೆಚ್ಚು ಜನರಿದ್ದ ಪ್ರಾಂತ್ಯದಲ್ಲಿ. ಹಾಗಾಗಿ ನಾನು ಇಲ್ಲಿಯದನ್ನು ಹೇಳುವಾಗ ಅಲ್ಲಿಯದನ್ನು ಹಗುರ ಮಾಡುತ್ತಿದ್ದೇನೆಂದು ತಿಳಿಯಬೇಡ. ನನಗೆ ಗೊತ್ತಿರುವುದು ಈ ಊರು. ಇಲ್ಲಿಂದಲೇ ಹೇಳಬೇಕು.

ನೀನು ಕಂಡದ್ದು ಸುಳ್ಳಲ್ಲ. 1969ರಲ್ಲಿ ಕ್ಯಾಥೊಲಿಕರ ಫಾಲ್ಸ್ ಮತ್ತು ಪ್ರೊಟೆಸ್ಟೆಂಟರ ಶಾಂಕಿಲ್ ರಸ್ತೆಗಳ ನಡುವೆ ಸೈನ್ಯ ಮುಳ್ಳುತಂತಿ ಎಳೆದಾಗ ಅದನ್ನು ತಾತ್ಕಾಲಿಕ ಎಂದೇ ಹೇಳಿದ್ದರು. ತಂತಿ ಇದ್ದಲ್ಲಿ ಕಬ್ಬಿಣದ ತಗಡು ಬಂತು, ಇಟ್ಟಿಗೆ ಬಂತು. 1998ರ ಒಪ್ಪಂದದ ನಂತರ ಅಂಥ ಗೋಡೆಗಳು ಕಡಿಮೆಯಾಗುವ ಬದಲು ಹೆಚ್ಚಾದವು. 2023ರೊಳಗೆ ಎಲ್ಲವನ್ನೂ ತೆಗೆಯುತ್ತೇವೆ ಎಂದು ಅಲ್ಲಿನ ಸರ್ಕಾರ 2013ರಲ್ಲಿ ಮಾತು ಕೊಟ್ಟಿತು. ಆ ವರ್ಷ ಬಂದು ಹೋಯಿತು, ಗೋಡೆಗಳು ನಿಂತೇ ಇವೆ. ನೀನು ಬರೆದ ಲಾನಾರ್ಕ್ ವೇ ಗೇಟಿನ ಹತ್ತಿರವೇ 2021ರ ಏಪ್ರಿಲ್‌ನಲ್ಲಿ ಬಸ್ಸಿಗೆ ಬೆಂಕಿ ಬಿತ್ತು. ಆ ದಿನಗಳಲ್ಲಿ ಕಲ್ಲು ಹಿಡಿದ ಎಷ್ಟೋ ಹುಡುಗರು ಒಪ್ಪಂದವಾದಾಗ ಹುಟ್ಟಿಯೂ ಇರಲಿಲ್ಲ. ಇದನ್ನೆಲ್ಲ ನೋಡಿದವರಿಗೆ ಧೈರ್ಯ ಕುಸಿಯದೆ ಇರುತ್ತದೆಯೇ?

ಆದರೆ ಮಗಳೇ, ಗೋಡೆ ಇದೆ ಎಂಬಲ್ಲಿಂದ ಗೋಡೆಯೇ ಸರಿ ಎಂಬಲ್ಲಿಗೆ ನೀನು ಒಂದೇ ನೆಗೆತದಲ್ಲಿ ಹೋಗಿದ್ದೀಯೆ. ನಡುವೆ ಎಷ್ಟೊಂದು ಇದೆ. ಆ ಗೋಡೆಯ ಬುಡದಲ್ಲಿ ಮನೆ ಮಾಡಿಕೊಂಡವರಲ್ಲಿ ಹಲವರಿಗೆ ಅದು ಬೇಕು, ರಾತ್ರಿ ಕಿಟಕಿಗೆ ಕಲ್ಲು ಬೀಳದಿರಲಿ ಎಂದು. ಅದು ಅವರ ಭಯ. ಭಯ ಇರುವವರೆಗೆ ಬೀಗವೂ ಇರುತ್ತದೆ. ಆ ಭಯ ಯಾವುದರಿಂದ ಬಂತು, ಯಾವುದರಿಂದ ಹೋದೀತು ಎಂದು ಹುಡುಕುವುದಕ್ಕೇ ಅಲ್ಲವೇ ನೀನು ಅಷ್ಟು ದೂರ ಓದಲು ಹೋದದ್ದು?

ಆ ಒಪ್ಪಂದವನ್ನು ಇನ್ನೊಮ್ಮೆ ತೆರೆದು ನೋಡು. ಸೌಹಾರ್ದದ ಮಾತು ಅದರ ಪೀಠಿಕೆಯಲ್ಲಿದೆ. ಉಳಿದದ್ದರಲ್ಲಿ ಹೆಚ್ಚಿನದೆಲ್ಲ ವ್ಯವಹಾರ. ಬಹುಮತದ ಒಪ್ಪಿಗೆಯಿಲ್ಲದೆ ಆ ನೆಲ ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬಾರದು. ಅಲ್ಲಿ ಹುಟ್ಟಿದವರು ಬ್ರಿಟಿಷರು ಎನ್ನಲಿ, ಐರಿಷರು ಎನ್ನಲಿ, ಎರಡೂ ಎನ್ನಲಿ, ಅದು ಅವರ ಹಕ್ಕು. ಅಧಿಕಾರವನ್ನು ಎರಡೂ ಕಡೆಯವರು ಹಂಚಿಕೊಳ್ಳಬೇಕು. ಪೊಲೀಸ್ ಬದಲಾಗಬೇಕು, ಆಯುಧ ಕೆಳಗಿಡಬೇಕು, ಕೈದಿಗಳು ಹೊರಗೆ ಬರಬೇಕು. ಪಕ್ಕದ ಮನೆಯವರನ್ನು ಪ್ರೀತಿಸಿ ಎಂದು ಯಾವ ಸರ್ಕಾರವೂ ಕಾನೂನು ಮಾಡಲಾರದು. ಅವರಿಗೆ ಹೆದರಬೇಕಾದ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕಬಲ್ಲದು, ಅಷ್ಟೇ. ಅದು ಸಣ್ಣ ಕೆಲಸ ಎಂದು ನಿನಗೆ ಈಗ ಕಾಣುತ್ತಿರಬಹುದು. ನನಗೆ ಹಾಗೆ ಕಾಣುವುದಿಲ್ಲ.

ಮನೆ ಹಂಚಿಕೆಯ ವಿಷಯವನ್ನೇ ನೋಡು. 1968ರಲ್ಲಿ ಕ್ಯಾಲೆಡನ್ ಎಂಬ ಹಳ್ಳಿಯಲ್ಲಿ ಮಕ್ಕಳೊಂದಿಗರಾದ ಕ್ಯಾಥೊಲಿಕ್ ಕುಟುಂಬಗಳು ಸರ್ಕಾರಿ ಮನೆಗೆ ಕಾದು ಕುಳಿತಿದ್ದಾಗ, ಮನೆ ಸಿಕ್ಕಿದ್ದು ಇನ್ನೂ ಮದುವೆಯಾಗದ, 19 ವರ್ಷದ ಪ್ರೊಟೆಸ್ಟೆಂಟ್ ಹುಡುಗಿಗೆ. ಆಸ್ಟಿನ್ ಕರಿ ಎಂಬ ಶಾಸಕ ಆ ಮನೆಯೊಳಗೆ ಹೋಗಿ ಕುಳಿತುಬಿಟ್ಟರು. ನಾಗರಿಕ ಹಕ್ಕಿನ ಮೆರವಣಿಗೆಗಳು ಬಿರುಸಾದದ್ದು ಆಮೇಲೆ. ನೂರಾರು ವರ್ಷದ ಮತದ್ವೇಷ ಎಂದು ಪುಸ್ತಕಗಳು ಹೇಳುವುದರ ಬುಡದಲ್ಲಿ ಒಂದು ಮನೆಯ ಬೀಗದ ಕೈ ಇತ್ತು. 1971ರಲ್ಲಿ ಮನೆ ಹಂಚುವ ಅಧಿಕಾರವನ್ನು ಊರಿನ ಕೌನ್ಸಿಲ್‌ಗಳ ಕೈಯಿಂದ ತೆಗೆದು ಬೇರೆ ಮಂಡಳಿಗೆ ಕೊಟ್ಟರು. ಯಾರಿಗೆ ಎಷ್ಟು ಅಗತ್ಯವಿದೆ ಎಂದು ಅಂಕ ಹಾಕಿ ಮನೆ ಕೊಡುವ ಕ್ರಮ ಬಂತು. 1976ರಲ್ಲಿ, ಮತ್ತೆ 1989ರಲ್ಲಿ ಉದ್ಯೋಗದ ತಾರತಮ್ಯದ ಮೇಲೆ ಕಾನೂನು ಬಂತು. ಬಾಂಬುಗಳು ಸಿಡಿಯುತ್ತಿರುವಾಗಲೇ ಯಾರೋ ಗುಮಾಸ್ತರು ಕಚೇರಿಯಲ್ಲಿ ಕುಳಿತು ಸರದಿಪಟ್ಟಿ ಸರಿಮಾಡುತ್ತಿದ್ದರು. ಅವರ ಹೆಸರು ಯಾವ ಸ್ಮಾರಕದ ಮೇಲೂ ಇಲ್ಲ. 1974ರಲ್ಲಿ ಒಂದು ಮುಷ್ಕರಕ್ಕೆ ಉರುಳಿಬಿದ್ದ ಅಧಿಕಾರ ಹಂಚಿಕೆಯ ಏರ್ಪಾಡು, ಹೆಚ್ಚುಕಡಿಮೆ ಅದೇ ರೂಪದಲ್ಲಿ 1998ರಲ್ಲಿ ನಿಂತಿತಲ್ಲ, ನಡುವಿನ 24 ವರ್ಷಗಳ ಈ ಮರೆತುಹೋದ ಕೆಲಸಕ್ಕೂ ಅದರಲ್ಲಿ ಪಾಲಿದೆ ಎಂದು ನಾನು ನಂಬಿದ್ದೇನೆ. ಒಪ್ಪಂದವಾಗಿ ನಾಲ್ಕೇ ತಿಂಗಳಿಗೆ ಓಮಾ ಪೇಟೆಯಲ್ಲಿ ಬಾಂಬು ಸಿಡಿದು 29 ಮಂದಿ ಸತ್ತರು. ಅದರ ಉದ್ದೇಶವೇ ಒಪ್ಪಂದವನ್ನು ಮುರಿಯುವುದು. ಮುರಿಯಲಿಲ್ಲ.

ನಿನ್ನ ಮನೆಯೊಡತಿಯ ವಿಷಯ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಣ್ಣನನ್ನು ಕೊಂದವನು ಎರಡೇ ವರ್ಷದಲ್ಲಿ ಬಿಡುಗಡೆಯಾಗಿ ಬಂದು ಅದೇ ಅಂಗಡಿಯಲ್ಲಿ ಹಾಲು ಕೊಳ್ಳುವುದನ್ನು ಆಕೆ ನೋಡಬೇಕಾಯಿತು ಎಂದೆಯಲ್ಲ. ಅಂಥ 400ಕ್ಕೂ ಹೆಚ್ಚು ಕೈದಿಗಳು ಹಾಗೆ ಹೊರಗೆ ಬಂದರು. ಇದು ನ್ಯಾಯವೇ ಎಂದು ಕೇಳಿದರೆ, ಆಕೆಯ ಮುಂದೆ ನಿಂತು ಹೌದು ಎನ್ನುವ ಧೈರ್ಯ ನನಗಿಲ್ಲ. ಆಕೆ ಮತ ಹಾಕಿದ್ದು ಒಪ್ಪಂದದ ಪರವಾಗಿ ಎಂದೂ ನೀನೇ ಬರೆದಿದ್ದೀಯೆ, ಒಂದೇ ಸಾಲಿನಲ್ಲಿ, ಹೆಚ್ಚು ಯೋಚಿಸದೆ. ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. 1998ರ ಮೇ 22ರಂದು ಅಲ್ಲಿ ನೂರಕ್ಕೆ 71 ಮಂದಿ ಒಪ್ಪಿಗೆ ಕೊಟ್ಟರಲ್ಲ, ಅವರಲ್ಲಿ ಆಕೆಯಂಥವರು ಎಷ್ಟು ಮಂದಿ ಇದ್ದಿರಬಹುದು! ಗೋಡೆಯೇ ಸರಿ ಎಂದುಕೊಂಡವಳು ಹಾಗೆ ಮತ ಹಾಕುತ್ತಿರಲಿಲ್ಲ ಪುಟ್ಟೀ.

ಇನ್ನೊಂದು ಕಾಣೆಯಾದವರ ವಿಷಯ. 1972ರ ಡಿಸೆಂಬರಿನಲ್ಲಿ ಜೀನ್ ಮೆಕಾನ್ವಿಲ್ ಎಂಬ ಹತ್ತು ಮಕ್ಕಳ ವಿಧವೆ ತಾಯಿಯನ್ನು ಐಆರ್‌ಎ ಎಂಬ ಸಶಸ್ತ್ರ ಸಂಘಟನೆಯವರು ಮನೆಯಿಂದ ಎಳೆದುಕೊಂಡು ಹೋದರು. ಮೂಳೆ ಸಿಕ್ಕಿದ್ದು 2003ರಲ್ಲಿ, ಕಡಲತೀರದಲ್ಲಿ. ಹೀಗೆ ಹೂತುಹಾಕಿದವರನ್ನು ಹುಡುಕಲು 1999ರಲ್ಲಿ ಬ್ರಿಟಿಷ್, ಐರಿಷ್ ಸರ್ಕಾರಗಳೆರಡೂ ಸೇರಿ ಒಂದು ಆಯೋಗ ಮಾಡಿದವು. ಅದಕ್ಕೆ ಕೊಟ್ಟ ಮಾಹಿತಿಯನ್ನು ಯಾರ ಮೇಲೂ ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ ಎಂಬುದು ಅದರ ನಿಯಮ. ಶಿಕ್ಷೆಯನ್ನು ಬಿಟ್ಟುಕೊಟ್ಟು ದೇಹವನ್ನು ಮನೆಯವರಿಗೆ ಮರಳಿಸಿದರು. ವರ್ಣಭೇದದ ಕಾಲದ ಅಪರಾಧಗಳನ್ನು ವಿಚಾರಿಸಿದ ದಕ್ಷಿಣ ಆಫ್ರಿಕದ ಸತ್ಯ ಮತ್ತು ಸಂಧಾನ ಆಯೋಗವೂ ಇಂಥದೇ ಕೊಡುಕೊಳ್ಳುವಿಕೆ ಮಾಡಿತು, ನಿಜ ಹೇಳಿದರೆ ಕ್ಷಮೆ ಎಂದು. ಅರ್ಜಿ ಹಾಕಿದ 7,112 ಮಂದಿಯಲ್ಲಿ ಕ್ಷಮೆ ಸಿಕ್ಕಿದ್ದು 849 ಮಂದಿಗೆ. ನೊಂದವರಿಗೆ ಸಿಕ್ಕಿದ ಪರಿಹಾರ ಮಾತ್ರ ತಡವಾಗಿಯೂ ಕಡಿಮೆಯಾಗಿಯೂ ಬಂತು, ತಲಾ 30,000 ರ‍್ಯಾಂಡ್. ಕ್ಷಮೆ ಬೇಗ, ಪರಿಹಾರ ನಿಧಾನ ಎಂದಾಗುವುದು ನನಗೆ ಒಪ್ಪಿಗೆಯಿಲ್ಲ. ನೀನು ಮುಂದೆ ಯಾವುದಾದರೂ ಸರ್ಕಾರಕ್ಕೆ ಸಲಹೆ ಬರೆದುಕೊಡುವ ಕೆಲಸ ಮಾಡಿದರೆ ಇದನ್ನೊಂದು ನೆನಪಿಟ್ಟುಕೋ. ಬರೆಯುವವಳು ಗೋಡೆಯೇ ಸರಿ ಎಂದು ಒಳಗೊಳಗೇ ನಂಬಿದ್ದರೆ ಆ ಸಲಹೆ ಹೇಗಿರುತ್ತದೆ ಎಂಬುದೇ ನನ್ನ ಹೆದರಿಕೆ. ನಿನ್ನಂಥವರು ಬರೆದುಕೊಟ್ಟ ಕಾಗದದ ಮೇಲೆ ಯಾರದೋ ಊರಿನ ನಡುವೆ ಗೆರೆ ಬೀಳುತ್ತದೆ.

ಕಾಗದ ಎಂದಾಗ ನಿನ್ನ ಮುತ್ತಜ್ಜ ನೆನಪಾಗುತ್ತಾರೆ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದಾಗ ನಾನು ಸಣ್ಣ ಹುಡುಗಿ. ಅಪ್ಪ ಆ ದಿನದಿಂದ ಮಲಯಾಳ ಅಕ್ಷರದ ಕಡೆಗೆ ತಲೆ ಎತ್ತಿ ನೋಡಲಿಲ್ಲ, ಕಲಿತರೆ ಒಪ್ಪಿಕೊಂಡಂತೆ ಎಂಬುದು ಅವರ ಲೆಕ್ಕ. ಆಮೇಲೆ 1970ರಲ್ಲಿ ಭೂಸುಧಾರಣೆ ಜಾರಿಗೆ ಬಂತು. ನಾವು ಚಾಲಗೇಣಿಯವರು, ಎಂದರೆ ಒಡೆಯ ಬೇಕೆಂದಾಗ ಎಬ್ಬಿಸಬಹುದಾದ ಗೇಣಿದಾರರು. ಒಂದು ದಿನ ಅಂಚೆಯವನು ಲ್ಯಾಂಡ್ ಟ್ರಿಬ್ಯೂನಲಿನ ಕಾಗದ ತಂದುಕೊಟ್ಟು ಹೋದ. ನಾಲ್ಕು ಮಡಿಕೆಯ ಕಂದು ಕಾಗದ, ಮೂಲೆಯಲ್ಲಿ ನೇರಳೆ ಶಾಯಿಯ ಮೊಹರು, ಉದ್ದಕ್ಕೂ ಮಲಯಾಳ. ನನಗೆ ಮಾತು ಅರ್ಥವಾಗುತ್ತಿತ್ತು, ಅಕ್ಷರ ಆಗ ಬರುತ್ತಿರಲಿಲ್ಲ. ನಮ್ಮನ್ನು ಎಬ್ಬಿಸುವ ನೋಟಿಸು ಎಂದೇ ಅಪ್ಪ ನಂಬಿದರು. ಅದನ್ನು ಮರದ ಪೆಟ್ಟಿಗೆಯಲ್ಲಿ ಬಟ್ಟೆಯ ಅಡಿಯಲ್ಲಿಟ್ಟು ಬೀಗ ಹಾಕಿದರು. ಊಟ ಬಿಟ್ಟರು. ರಾತ್ರಿ ಎದ್ದು ತೋಟದಲ್ಲಿ ಸುಮ್ಮನೆ ನಡೆದಾಡುತ್ತಿದ್ದರು.

ನಮ್ಮ ಶಾಲೆಯ ಮಲಯಾಳ ವಿಭಾಗದ ಟೀಚರ್ ಒಬ್ಬರಿದ್ದರು, ಪಯ್ಯನ್ನೂರು ಕಡೆಯವರು. ಅವರನ್ನು ನಾನೇ ಮನೆಗೆ ಕರೆದುಕೊಂಡು ಬಂದೆ. ಅಪ್ಪ ಕುಳಿತುಕೊಳ್ಳಲಿಲ್ಲ, ಕಂಬ ಹಿಡಿದು ನಿಂತೇ ಇದ್ದರು. ಟೀಚರ್ ಸಾಲಿನ ಕೆಳಗೆ ಬೆರಳು ಇಟ್ಟು ಓದುವುದು, ನಿಲ್ಲಿಸುವುದು, ತಮಗೆ ಬರುತ್ತಿದ್ದ ಅರ್ಧಂಬರ್ಧ ತುಳುವಿನಲ್ಲಿ ಹೇಳುವುದು, ಅದು ಹಿಡಿಯದಿದ್ದರೆ ನಾನು ಕನ್ನಡದಲ್ಲಿ ಹೇಳುವುದು. ಹೀಗೆ ಕೊನೆಯವರೆಗೆ ಬಂದಾಗ ತಿಳಿದದ್ದು, ನಾವು ಗೇಣಿ ಕೊಡುತ್ತಿದ್ದ ಭೂಮಿಯನ್ನು ನಮ್ಮ ಹೆಸರಿಗೆ ಮಾಡುವ ವಿಚಾರಣೆಗೆ ಬನ್ನಿ ಎಂಬ ಕರೆ ಅದು. ಅಪ್ಪ ಎಷ್ಟೋ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ನೋಡಿ, ಟೀಚರಿಗೆ ಕಾಫಿ ಕೊಡಿ ಎಂದರು.

ಯಾವ ಸರ್ಕಾರ ತನ್ನದಲ್ಲ ಎಂದು ಅವರು ಎಣಿಸಿದ್ದರೋ ಅದೇ ಸರ್ಕಾರ ಅವರಿಗೆ ಭೂಮಿ ಕೊಡುತ್ತಿತ್ತು, ಮತ್ತು ಅವರಿಗೆ ಓದಲು ಬಾರದ ಅಕ್ಷರದಲ್ಲಿ ಕೊಡುತ್ತಿತ್ತು. ಕೊಟ್ಟದ್ದು ನಿಜ, ಹೆದರಿಸಿದ್ದೂ ನಿಜ. ಆ ದಿನಗಳಲ್ಲಿ ಯಾರಾದರೂ ಬಂದು ಗೋಡೆಯೇ ಸರಿ ಎಂದಿದ್ದರೆ ಅಪ್ಪ ಹೌದು ಎನ್ನುತ್ತಿದ್ದರು. ಟೀಚರ್ ಹೋದ ಮರುದಿನ ಎನ್ನುತ್ತಿದ್ದರೇ ಎಂದು ನನಗೆ ಆಗಾಗ ಕೇಳಿಕೊಳ್ಳಬೇಕೆನಿಸುತ್ತದೆ. ಅವರು ಆ ವಿಷಯವನ್ನು ಮತ್ತೆ ಎತ್ತಲೇ ಇಲ್ಲ. ಟೀಚರಿಗೆ ವರ್ಗವಾಯಿತು. ಅವರು ತೀರಿಕೊಂಡದ್ದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಶಾಲೆಯ ಹಳೆಯ ಜವಾನನಿಂದ. ಆ ಕಾಗದ ಓದಿದ್ದರಿಂದ ನಮ್ಮ ಮನೆಯಲ್ಲಿ ಏನೇನು ಬದಲಾಯಿತು ಎಂದು ಅವರಿಗೆ ಹೇಳುವುದು ಉಳಿದೇ ಹೋಯಿತು. ಇಂದಿಗೂ ಅದು ಕೊರೆಯುತ್ತದೆ.

1956 ಎಂದರೆ ನನಗೆ ಇನ್ನೊಂದು ದೇಶವೂ ಕಾಣುತ್ತದೆ. ಅದೇ ವರ್ಷ ಶ್ರೀಲಂಕಾ ಸಿಂಹಳ ಒಂದೇ ಅಧಿಕೃತ ಭಾಷೆ ಎಂಬ ಕಾನೂನು ಮಾಡಿತು. ಆ ಚರ್ಚೆಯಲ್ಲಿ ಎಡಪಕ್ಷದ ಸಂಸದ ಕಾಲ್ವಿನ್ ಆರ್. ಡಿ ಸಿಲ್ವಾ, ಎರಡು ಭಾಷೆ ಇಟ್ಟುಕೊಂಡರೆ ಒಂದು ರಾಷ್ಟ್ರ ಉಳಿದೀತು, ಒಂದೇ ಭಾಷೆ ಎಂದರೆ ಎರಡು ರಾಷ್ಟ್ರವಾದೀತು ಎಂಬ ಎಚ್ಚರಿಕೆ ಕೊಟ್ಟಿದ್ದರು. ಯಾರೂ ಕೇಳಲಿಲ್ಲ. 1957ರಲ್ಲಿ ಪ್ರಧಾನಿ ಬಂಡಾರನಾಯಕೆ ತಮಿಳು ನಾಯಕ ಚೆಲ್ವನಾಯಗಂ ಅವರೊಂದಿಗೆ ಒಪ್ಪಂದ ಮಾಡಿಕೊಂಡರು, ಮರುವರ್ಷ ಭಿಕ್ಷುಗಳ ಪ್ರತಿಭಟನೆಗೆ ಮಣಿದು ಕೈಬಿಟ್ಟರು. 1981ರಲ್ಲಿ ಜಾಫ್ನಾದ ಗ್ರಂಥಾಲಯ ಸುಟ್ಟುಹೋಯಿತು, 1983ರಲ್ಲಿ ಕೊಲಂಬೊ ಹತ್ತಿ ಉರಿಯಿತು. ತಮಿಳೂ ಅಧಿಕೃತ ಭಾಷೆ ಎಂದು ಸಂವಿಧಾನಕ್ಕೆ ತಿದ್ದುಪಡಿ ಬಂದದ್ದು 1987ರಲ್ಲಿ, ಯುದ್ಧ ಶುರುವಾದ ಮೇಲೆ. ಆ ಹೊತ್ತಿಗೆ ಅದನ್ನು ಕೇಳುವ ಸ್ಥಿತಿಯಲ್ಲಿ ಯಾರಿದ್ದರು? 2009ರ ಮೇ ತಿಂಗಳಲ್ಲಿ ಬಂದೂಕು ನಿಂತಿತು. ಗೆದ್ದವರು ರಸ್ತೆ ಮಾಡಿದರು, ರೈಲು ಬಿಟ್ಟರು. ಸರ್ಕಾರವೇ ನೇಮಿಸಿದ ಆಯೋಗ 2011ರಲ್ಲಿ ಕೊಟ್ಟ ಶಿಫಾರಸುಗಳಲ್ಲಿ ಒಂದು, ತಮಿಳರು ಇರುವಲ್ಲಿ ಪೊಲೀಸ್ ಠಾಣೆಯಲ್ಲಿ ತಮಿಳು ಬಲ್ಲವರು ಇರಬೇಕು ಎಂಬುದು. ಅಷ್ಟು ರಕ್ತ ಹರಿದ ಮೇಲೆ ಮತ್ತೆ ಬಂದು ನಿಂತದ್ದು ಅಲ್ಲಿಗೇ, ಠಾಣೆಗೆ ಹೋದವನ ಮಾತು ಅರ್ಥವಾಗಬೇಕು ಎಂಬಲ್ಲಿಗೆ. ಕಿಳಿನೊಚ್ಚಿಯ ರಸ್ತೆಬದಿಯಲ್ಲಿ 2017ರಿಂದ ತಾಯಂದಿರು ಕಾಣೆಯಾದ ಮಕ್ಕಳ ಫೋಟೊ ಹಿಡಿದು ಕೂರತೊಡಗಿದರು. ರೈಲಿನಲ್ಲಿ ಹೋಗುವವರಿಗೆ ಅದು ಶಾಂತಿ, ಅವರಿಗಲ್ಲ.

ನಮ್ಮ ದೇಶ ಅದೇ 1956ರಲ್ಲಿ ನಮ್ಮನ್ನು ಗೆರೆಯ ಆಚೆ ಹಾಕಿತು. ಆದರೆ ಸಂವಿಧಾನದ ಅದೇ ತಿದ್ದುಪಡಿಯಲ್ಲಿ 350ಎ ವಿಧಿಯನ್ನೂ ಸೇರಿಸಿತು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗುವಂತೆ ನೋಡಿಕೊಳ್ಳಬೇಕು ಎಂದು. ಅದು ಸಾಲದು, ಖಂಡಿತ ಸಾಲದು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಹಾಕಿದಾಗ ಮಕ್ಕಳೂ ತಂದೆತಾಯಂದಿರೂ ಗೇಟಿನ ಹೊರಗೆ ಕುಳಿತದ್ದನ್ನು ನೀನೂ ನೋಡಿದ್ದೀಯೆ. 2017ರಲ್ಲಿ ಮಲಯಾಳ ಕಡ್ಡಾಯ ಎಂಬ ಕಾನೂನು ಬಂದಾಗ ಈ ಮಂಡಿನೋವಿನಲ್ಲೂ ನಾನು ಕಾಸರಗೋಡಿಗೆ ಹೋಗಿ ಬಿಸಿಲಲ್ಲಿ ನಿಂತಿದ್ದೇನೆ. ಆದರೆ ನಿಲ್ಲಲು ಒಂದು ಜಾಗ, ಎತ್ತಿ ತೋರಿಸಲು ಒಂದು ವಿಧಿ, ಕನ್ನಡ ಮತ್ತು ಮಲಯಾಳ ಬಲ್ಲವರಿಗೆಂದೇ ನಮ್ಮ ಜಿಲ್ಲೆಯಲ್ಲಿ ಕೆಲವು ಗುಮಾಸ್ತರ ಹುದ್ದೆ, ಇಷ್ಟು ಇದ್ದುದರಿಂದ ನಮ್ಮ ಹುಡುಗರ ಸಿಟ್ಟಿಗೆ ಹೋಗಲು ದಾರಿಯಿತ್ತು. ಶ್ರೀಲಂಕಾದ ಹುಡುಗರಿಗೆ ಆ ದಾರಿಯನ್ನು ಮುಚ್ಚುತ್ತಲೇ ಬಂದರು.

ಮಿಜೋರಾಮಿನ ಕಥೆಯನ್ನು ನಿಮಗೆ ಅಲ್ಲಿ ಕಲಿಸುತ್ತಾರೋ ಇಲ್ಲವೋ. 1966ರ ಮಾರ್ಚಿನಲ್ಲಿ ಮಿಜೋಗಳು ಬಂಡೆದ್ದಾಗ ನಮ್ಮದೇ ವಾಯುಪಡೆ ನಮ್ಮದೇ ಐಜಾಲ್ ಪಟ್ಟಣದ ಮೇಲೆ ಬಾಂಬು ಹಾಕಿತು. ಹಳ್ಳಿಗಳನ್ನು ಕಿತ್ತು ರಸ್ತೆಬದಿಗೆ ತಂದು ಕೂಡಿಹಾಕಿದರು. ಆ ಜನ ಈ ದೇಶದೊಂದಿಗೆ ಎಂದಾದರೂ ಬಾಳಿಯಾರು ಎಂದು ಯಾರು ನಂಬುತ್ತಿದ್ದರು? 1986ರ ಜೂನ್ 30ರಂದು ಒಪ್ಪಂದವಾಯಿತು. ಚುನಾಯಿತ ಮುಖ್ಯಮಂತ್ರಿ ಲಾಲ್ ಥನ್ಹಾವ್ಲಾ ತಮ್ಮ ಕುರ್ಚಿಯಿಂದ ಇಳಿದು, ಇಪ್ಪತ್ತು ವರ್ಷ ದೇಶದ ವಿರುದ್ಧ ಹೋರಾಡಿದ ಲಾಲ್‌ಡೆಂಗಾ ಅವರಿಗೆ ಅದನ್ನು ಬಿಟ್ಟುಕೊಟ್ಟು, ಅವರ ಕೈಕೆಳಗೆ ಉಪಮುಖ್ಯಮಂತ್ರಿಯಾದರು. 1987ರಲ್ಲಿ ರಾಜ್ಯದ ಸ್ಥಾನ ಬಂತು. ಎರಡು ವರ್ಷದ ನಂತರ ಲಾಲ್‌ಡೆಂಗಾ ಚುನಾವಣೆಯಲ್ಲಿ ಸೋತರು, ಸೋತವರ ಪಕ್ಷ ಮತ್ತೆ ಕಾಡಿಗೆ ಹೋಗಲಿಲ್ಲ. ನನಗೆ ಒಪ್ಪಂದದ ಸಹಿಗಿಂತ ಆ ಸೋಲು ದೊಡ್ಡದಾಗಿ ಕಾಣುತ್ತದೆ. ಸೋತರೂ ನಾಳೆ ಬದುಕಿರುತ್ತೇವೆ, ಮತ್ತೆ ನಿಲ್ಲಬಹುದು ಎಂಬ ನಂಬಿಕೆ ಇದ್ದವರು ಮಾತ್ರ ಹಾಗೆ ಸೋಲಬಲ್ಲರು.

ಶಾಲೆಯ ಬಗ್ಗೆ ನೀನು ಬರೆದದ್ದಕ್ಕೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಅಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಈಗಲೂ ಬೇರೆ ಬೇರೆ ಶಾಲೆಗಳಿಗೆ ಹೋಗುತ್ತಾರೆ ಎಂಬುದು ನಿನಗೆ ದೊಡ್ಡ ಸೋಲಾಗಿ ಕಂಡಿದೆ. ನಮ್ಮ ಶಾಲೆಯಲ್ಲಿ ಕನ್ನಡ ವಿಭಾಗ, ಮಲಯಾಳ ವಿಭಾಗ ಎರಡೂ ಒಂದೇ ಉದ್ದನೆಯ ಕಟ್ಟಡದಲ್ಲಿದ್ದವು, ನಡುವೆ ಬಿದಿರಿನ ತಟ್ಟಿ. ಅವರ ಮಗ್ಗಿ ನಮಗೆ, ನಮ್ಮ ಪದ್ಯ ಅವರಿಗೆ ಕೇಳಿಸುತ್ತಿತ್ತು. ನನ್ನ ತರಗತಿಯ ಹುಡುಗರು ಲೆಕ್ಕ ಮಾಡುವಾಗ ಮಲಯಾಳದಲ್ಲಿ ಎಣಿಸುವುದನ್ನು ಕೇಳಿ ನಾನು ಮೊದಮೊದಲು ಗದರುತ್ತಿದ್ದೆ. ಮಕ್ಕಳಿಗೆ ತಮ್ಮ ಭಾಷೆಯ ತರಗತಿ ಬೇಕು, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಅಂಗಳ ಒಂದಿರಬೇಕು, ಬಾವಿ ಒಂದಿರಬೇಕು, ಆಟದ ಗಂಟೆ ಒಟ್ಟಿಗೆ ಹೊಡೆಯಬೇಕು. ಒಂದು ಕಾಲದಲ್ಲಿ ಆಸ್ಟ್ರಿಯದ್ದಾಗಿದ್ದ, ಜರ್ಮನ್ ಮಾತಾಡುವವರೇ ಹೆಚ್ಚಿರುವ ಇಟಲಿಯ ದಕ್ಷಿಣ ಟಿರೋಲ್‌ನಲ್ಲಿ ಜರ್ಮನ್ ಶಾಲೆ, ಇಟಾಲಿಯನ್ ಶಾಲೆ ಇಂದಿಗೂ ಬೇರೆ ಬೇರೆ. ಮುಸೊಲಿನಿಯ ಕಾಲದಲ್ಲಿ ಜರ್ಮನ್ ಶಾಲೆಗಳನ್ನೇ ಮುಚ್ಚಿಸಿದ್ದರು, 1961ರಲ್ಲಿ ಅಲ್ಲಿಯೂ ಬಾಂಬು ಸಿಡಿದವು. 1972ರ ಸ್ವಾಯತ್ತತೆಯ ನಂತರ ಸರ್ಕಾರಿ ಕೆಲಸಕ್ಕೆ ಬರುವವರು ಎರಡೂ ಭಾಷೆ ಬಲ್ಲರೆಂದು ಪರೀಕ್ಷೆ ಕೊಡಬೇಕಾಯಿತು, ಹುದ್ದೆಗಳು ಭಾಷಿಕರ ಸಂಖ್ಯೆಗೆ ತಕ್ಕಂತೆ ಹಂಚಿಕೆಯಾದವು. 1992ರಲ್ಲಿ ಆಸ್ಟ್ರಿಯ ತನ್ನ ತಕರಾರು ಮುಗಿಯಿತೆಂದು ವಿಶ್ವಸಂಸ್ಥೆಗೆ ತಿಳಿಸಿತು. ಯುದ್ಧದ ನಂತರ ಬೋಸ್ನಿಯದಲ್ಲಿ ಮುಸ್ಲಿಂ ಮಕ್ಕಳಿಗೊಂದು, ಕ್ರೊಯೇಟ್ ಮಕ್ಕಳಿಗೊಂದು ಎಂದು ಒಂದೇ ಸೂರಿನ ಕೆಳಗೆ ಎರಡು ಶಾಲೆ ಮಾಡಿದರು, ಎಷ್ಟೋ ಕಡೆ ಬಾಗಿಲೂ ಬೇರೆ, ಚರಿತ್ರೆಯ ಪಾಠವೂ ಬೇರೆ. ಅದು ಕೆಡುಕು. ಆದರೆ ಅದೇ ಬೋಸ್ನಿಯದ ಯಾಯ್ಟ್ಸೆ ಎಂಬ ಊರಿನಲ್ಲಿ ಇನ್ನೂ ಒಂದು ಬೇರೆ ಶಾಲೆ ಮಾಡಹೊರಟಾಗ 2016ರಲ್ಲಿ ಮಕ್ಕಳೇ ಬೀದಿಗಿಳಿದರು. ನಮ್ಮನ್ನು ಬೇರೆ ಮಾಡಬೇಡಿ ಎಂದು ಹಟ ಹಿಡಿದರು, 2017ರಲ್ಲಿ ಆ ಯೋಜನೆಯನ್ನು ಬಿಡಿಸಿದರು. ಒಮ್ಮೆ ಕೊಂದುಕೊಂಡವರ ಮಕ್ಕಳು ಅವರು. ನಿನ್ನ ತೀರ್ಮಾನವನ್ನು ಅವರ ಮುಂದೆ ಓದಿ ಹೇಳಲು ನಿನಗೆ ಮನಸ್ಸು ಬಂದೀತೇ?

ಗದರುತ್ತಿದ್ದೇನೆ ಎಂದು ಬೇಸರಿಸಬೇಡ. ನೀನು ಹೀಗೆ ಬರೆದದ್ದು ಓದಿನ ಬಲದಿಂದಲ್ಲ, ಒಂಟಿತನದಿಂದ ಎಂದು ನನಗೆ ಅನುಮಾನ. ಆ ಕೋಣೆಯಲ್ಲಿ ಸಂಜೆಯ ಹೊತ್ತು ಒಬ್ಬಳೇ ಬೀಗದ ಸದ್ದು ಕೇಳುತ್ತ ಕೂರುವುದು ಒಳ್ಳೆಯದಲ್ಲ. ವಿಶ್ವವಿದ್ಯಾಲಯದ ಹತ್ತಿರ ಕೋಣೆ ಸಿಗುವುದಾದರೆ ಬದಲಾಯಿಸು, ಬಾಡಿಗೆ ಹೆಚ್ಚಾದರೆ ನನ್ನ ಪಿಂಚಣಿ ಇದೆ, ಅಪ್ಪನಿಗೆ ಹೇಳಬೇಕಾಗಿಲ್ಲ. ಬದಲಾಯಿಸಲು ಇಷ್ಟವಿಲ್ಲದಿದ್ದರೆ ಅಲ್ಲೇ ಇರು, ನಿನ್ನ ಊರು ನಿನಗೆ ಗೊತ್ತು. ಹಗಲು ಗೇಟು ತೆರೆದಿರುವಾಗ ಆಚೆ ಬದಿಗೆ ಹೋಗಿ ತರಕಾರಿಯನ್ನೋ ಬ್ರೆಡ್ಡನ್ನೋ ಕೊಂಡು ಬಾ, ಸಂದರ್ಶನಕ್ಕೆಂದು ಹೋಗಬೇಡ. ಮನೆಯೊಡತಿಯ ಹತ್ತಿರ ಅಣ್ಣನ ಸಾವಿನ ಬಗ್ಗೆ ಕೇಳುವುದನ್ನು ಸ್ವಲ್ಪ ದಿನ ನಿಲ್ಲಿಸು. ಅಣ್ಣ ಬದುಕಿದ್ದಾಗ ಹೇಗಿದ್ದ ಎಂದು ಆಕೆಗೆ ಹೇಳಬೇಕೆನಿಸಿದರೆ ತಾನೇ ಹೇಳುತ್ತಾಳೆ. ಪ್ರಬಂಧದ ವಿಷಯದಲ್ಲಿ ನಾನು ಹೇಳಬಾರದು, ನಿನಗೆ ಮೇಷ್ಟರಿದ್ದಾರೆ. ಆದರೂ ಮನೆ ಹಂಚಿಕೆಯ ಆ ಮಂಡಳಿಯ ಬಗ್ಗೆ, ದಕ್ಷಿಣ ಟಿರೋಲ್‌ನ ಭಾಷಾ ಪರೀಕ್ಷೆಯ ಬಗ್ಗೆ ಒಂದೊಂದು ಅಧ್ಯಾಯ ಬರೆಯಲಾಗುತ್ತದೆಯೇ ನೋಡು. ಪೊಲೀಸರ ಬಗ್ಗೆ ಬರೆಯುವಾಗ ಎರಡೂ ಕಡೆಯದನ್ನು ಬರೆ. ಹಳೆಯ ಪಡೆಯಲ್ಲಿ ಕ್ಯಾಥೊಲಿಕರು ನೂರಕ್ಕೆ ಎಂಟು ಮಂದಿ ಇದ್ದದ್ದು, 2001ರಿಂದ ಹತ್ತು ವರ್ಷ ಅರ್ಧಕ್ಕರ್ಧ ನೇಮಕ ಮಾಡಿ ಅದನ್ನು ಮೂವತ್ತರ ಹತ್ತಿರ ತಂದದ್ದು ಒಂದು. ಆ ಹಳೆಯ ಪಡೆಯಲ್ಲಿ ಸತ್ತ ಸುಮಾರು 300 ಮಂದಿಯ ಹೆಂಡತಿ ಮಕ್ಕಳು, ಹೆಸರನ್ನೂ ಲಾಂಛನವನ್ನೂ ಬದಲಾಯಿಸಿದಾಗ ಪಟ್ಟ ಸಂಕಟ ಇನ್ನೊಂದು.

ಜುಲೈ 11ರ ರಾತ್ರಿ ಶಾಂಕಿಲ್ ಕಡೆ ದೊಡ್ಡ ದೊಡ್ಡ ಬೆಂಕಿ ಹಾಕುತ್ತಾರೆ, 12ಕ್ಕೆ ಮೆರವಣಿಗೆ ಎಂದು ಓದಿದ್ದೇನೆ. ನೋಡಲೇಬೇಕೆಂದಿದ್ದರೆ ಆ ಬದಿಯ ಗೆಳತಿಯರ ಜೊತೆ ಹೋಗು, ಕತ್ತಲಾದ ಮೇಲೆ ಒಬ್ಬಳೇ ನಡೆದು ಬರಬೇಡ. ಕೆಮ್ಮು ಬಿಟ್ಟಿಲ್ಲವೆಂದು ಅಪ್ಪ ಹೇಳಿದ, ಕಷಾಯದ ಪುಡಿ ಕಳುಹಿಸಿದ್ದೇನೆ. ಈ ಪತ್ರದಲ್ಲಿ ನಿನಗೆ ಒಪ್ಪಿಗೆಯಾಗದ್ದು ಇದ್ದರೆ ಮುಚ್ಚಿಡದೆ ಬರೆ, ದಪ್ಪ ಅಕ್ಷರದಲ್ಲಿ ಬರೆ. ಅಪ್ಪನ ಕೈಯಲ್ಲಿ ಓದಿಸಿಕೊಳ್ಳುವುದಕ್ಕಿಂತ ನಾನೇ ಓದಿಕೊಳ್ಳುತ್ತೇನೆ.

ಇತಿ,
ನಿನ್ನ ಅಜ್ಜಿ